ನನ್ನ ಕುಡಿತಕ್ಕೆ ಅವರಿಗೆ ಚಪ್ಪಾಳೆ

ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ನಲ್ಲಿ ಬಂತು, ಡ್ರಮ್ಮು ತುಂಬಿಸಿ ಏಳು ಕೊಡ ಹಿಡಿದಿಟ್ಟೆ. ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತಕಿ ಸಿಪ್ಪೆ ಹಿತ್ತಲಿಗೆ ಸುರಿದೆ. ಮನೆಯವರ ಎರಡು ಶರ್ಟಿನ ಕಾಲರ್ ಉಜ್ಜಿದೆ. ಮಗಳು ಸುಮ ಹಾಸ್ಟೆಲಿನಿಂದ ಬರುವವಳಿದ್ದಳು, ಹಾಲಿನವಳಿಗೆ ಅರ್ಧ ಲೀಟರ್ ಹೆಚ್ಚು ಹೇಳಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ಕೊನೆಗೆ ಮನೆಯಲ್ಲಿರುವ ಸ್ಟೀಲ್ ಲೋಟಗಳನ್ನೆಲ್ಲ ತಿಕ್ಕಿ, ಬಿಸಿನೀರಲ್ಲಿ ಜಾಲಿಸಿ, ಬಿಸಿಲಿಗೆ ಬೋರಲು ಹಾಕಿದೆ. ಸುಮ ನೀರು ಕುಡಿಯುವ ಮುಂಚೆ ಲೋಟ ಮೂಸುತ್ತಾಳೆ. ಅವಳಿಗೀಗ ಇಪ್ಪತ್ತು ವರ್ಷ. ಮೂಸುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿಲ್ಲ.

ಇದನ್ನು ಬರೆಯುತ್ತಿರುವುದು ಹೆಬ್ಬೂರು ಕಡೆಯ ಒಬ್ಬ ಹೆಂಗಸಿಗಾಗಿ. ಹೋದ ತಿಂಗಳು ತುಮಕೂರಿನ ನಮ್ಮ ಭಾನುವಾರದ ಮೀಟಿಂಗಿಗೆ ಬಂದಿದ್ದಳು. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರಿ ಕೂತು ಮಾತಾಡುವ ಮೀಟಿಂಗು ಅದು. "ನಮ್ ಯಜಮಾನ್ರಿಗೆ" ಎಂದು ಹೇಳಿ, ಕುಡಿಯುವವರ ಹೆಂಡತಿಯರು ಕೂರುವ ಕೋಣೆಗೆ ಹೋಗಿ ಕೂತಳು. ಟೀ ಕೊಟ್ಟಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಲೋಟವನ್ನು ಬಾಯಿಗೆ ತರಲಿಲ್ಲ, ಬಾಯಿಯನ್ನೇ ಬಗ್ಗಿಸಿ ಲೋಟದ ಹತ್ತಿರ ತಂದಳು. ಕೈ ನಡುಗುವವರು ಹಾಗೆ ಮಾಡುತ್ತಾರೆ. ನಾನು ಬಾಗಿಲ ಬಳಿ ಕೂತು ನೋಡುತ್ತಿದ್ದೆ, ಏನೂ ಕೇಳಲಿಲ್ಲ. ಆಮೇಲೆ ಅವಳು ಬರಲಿಲ್ಲ. ಕೇಳಬೇಕಿತ್ತು.

ಕುಡಿಯುತ್ತಿದ್ದವಳು ನಾನು. ಬಿಟ್ಟು ಒಂಬತ್ತು ವರ್ಷವಾಯಿತು.

ಶುರುವಾದದ್ದು ಬಾಣಂತನದಲ್ಲಿ. ನನಗೆ ಅಮ್ಮ ಇರಲಿಲ್ಲ, ಅಕ್ಕ ಪಾರ್ವತಿ ಕುಣಿಗಲ್‌ನ ಗಂಡನ ಮನೆ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಗುಬ್ಬಿಯಲ್ಲಿ ಅತ್ತೆಯೇ ನನ್ನ ಬಾಣಂತನ ಮಾಡಿದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಸಂಜೆ ಊಟಕ್ಕೆ ಮುಂಚೆ ಬಾಟಲಿಯ ಮುಚ್ಚಳದಲ್ಲಿ ಒಂದು ಮುಚ್ಚಳ ಬ್ರಾಂದಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೆ ಕೊಡುತ್ತಿದ್ದರು. ಅದಕ್ಕೆ ಯಾರೂ ಕುಡಿತ ಅನ್ನುತ್ತಿರಲಿಲ್ಲ, ಶೀತಕ್ಕೆ ಅನ್ನುತ್ತಿದ್ದರು.

"ಮೂಗು ಮುಚ್ಕಂಡು ಕುಡ್ಕಮ್ಮ, ಶೀತ ಕಿತ್ತಾಕ್ತದೆ. ನಂಗೂ ನಮ್ಮತ್ತೆ ಕೊಟ್ಟಿದ್ರು" ಅಂದರು ಅತ್ತೆ.

ಅವರಿಗೆ ಏನೂ ಆಗಿರಲಿಲ್ಲ. ಮೂರು ತಿಂಗಳಾದ ಮೇಲೆ ಬಾಟಲಿಯನ್ನು ಅಟ್ಟಕ್ಕೆ ಹಾಕಿದರು. ನನ್ನ ಶೀತ ಮಾತ್ರ ಹೋಗಲಿಲ್ಲ, ಹತ್ತು ವರ್ಷ ಇತ್ತು. ಒಂದು ಮುಚ್ಚಳ ನಾಲ್ಕಾಯಿತು, ಮುಚ್ಚಳ ಹೋಗಿ ಲೋಟ ಬಂತು. ತಂದುಕೊಡುತ್ತಿದ್ದವರು ನಮ್ಮವರೇ. ಅವರು ತುಮಕೂರಿನ ಸತ್ಯಮಂಗಲದಲ್ಲಿ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ ಕೀಪರ್. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು, ಊಟದ ಬುತ್ತಿಯ ಜೊತೆ ಪೇಪರ್ ಸುತ್ತಿದ ಬಾಟಲಿ. ಜೀವಮಾನದಲ್ಲಿ ಒಂದು ತೊಟ್ಟು ಬಾಯಿಗೆ ಬಿಟ್ಟವರಲ್ಲ. ಮೊದಮೊದಲು "ಔಷಧಿ ತಂದಿದೀನಿ" ಅನ್ನುತ್ತಿದ್ದರು. ಆಮೇಲೆ ಮಾತಿಲ್ಲದೆ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ತರಬೇಡಿ ಎಂದು ನಾನು ಹೇಳಲಿಲ್ಲ, ತರಲ್ಲ ಎಂದು ಅವರು ಹೇಳಲಿಲ್ಲ.

ಸುಮಳಿಗೆ ಎಂಟು ವರ್ಷವಾದಾಗ ನನ್ನ ಕಣ್ಣು ಹಳದಿಯಾಯಿತು, ಕಾಲು ಊದಿಕೊಂಡಿತು. ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಲ್ಲಿ ಡಾಕ್ಟರರ ಕೋಣೆಯ ಮುಂದೆ ಮರದ ಬೆಂಚು, ಗೋಡೆಯ ಮೇಲೆ ನಗುವ ಮಗುವಿನ ಕ್ಯಾಲೆಂಡರು. ಪಕ್ಕದಲ್ಲಿದ್ದ ಹೆಂಗಸು ಏನಾಗಿದೆ ಎಂದು ಕೇಳಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ "ಕಾಮಾಲೆ ಕಣಮ್ಮ. ಹೋಟ್ಲು ನೀರು" ಎಂದರು. ನಾನು ಹೋಟೆಲಿನ ಮುಖ ನೋಡಿ ಎರಡು ವರ್ಷವಾಗಿತ್ತು. ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ನನ್ನನ್ನು ನೋಡಿ, ಎದ್ದು ಹೋಗಿ ಬಾಗಿಲು ಹಾಕಿಬಂದರು. ಬೈಯಲಿಲ್ಲ. ಚೀಟಿಯ ಹಿಂದೆ ಈ ಮೀಟಿಂಗು ನಡೆಯುವ ಶಾಲೆಯ ವಿಳಾಸ ಬರೆದು, "ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹೋಗಿ" ಎಂದು ಕೊಟ್ಟದ್ದು ಮಾತ್ರ ನನ್ನ ಕೈಗಲ್ಲ, ನಮ್ಮವರ ಕೈಗೆ.

ನಾನು ಆಸ್ಪತ್ರೆಯಲ್ಲಿದ್ದಾಗ ಪಾರ್ವತಕ್ಕ ಬಂದು ಸುಮಳನ್ನು ಕುಣಿಗಲ್‌ಗೆ ಕರಕೊಂಡು ಹೋದಳು. "ಹುಷಾರಾಗು ಗಿರಿಜಾ, ಕಳ್ಸಿಕೊಡ್ತೀನಿ" ಅಂದಳು. ಅವಳಿಗೂ ಕಾಮಾಲೆ ಎಂದೇ ಹೇಳಿದ್ದೆವು. ಕಾಮಾಲೆ ಎರಡು ತಿಂಗಳಲ್ಲಿ ಇಳಿಯಿತು. ಮೂರನೆಯ ತಿಂಗಳು ಅಕ್ಕಿ ಡಬ್ಬದ ಹಿಂದೆ ಮತ್ತೆ ಬಾಟಲಿ ಇತ್ತು. ಹುಷಾರಾದೆ, ಕಳಿಸು ಎಂದು ಯಾವ ಬಾಯಲ್ಲಿ ಹೇಳಲಿ? ಚೀಟಿ ದೇವರ ಪಟದ ಹಿಂದೆ ವರ್ಷವೇ ಇತ್ತು. ಸುಮ ವಾಪಸ್ ಬರಬೇಕಾದರೆ ನಾನು ಬಿಡಬೇಕು, ಬಿಡಲು ನನ್ನಿಂದಾಗುತ್ತಿಲ್ಲ. ಇಷ್ಟು ಅರ್ಥವಾದ ಮೇಲೆ ಒಂದು ಭಾನುವಾರ ಇಬ್ಬರೂ ರೈಲು ಹತ್ತಿದೆವು.

ಶಾಲೆಯ ಬಾಗಿಲಲ್ಲಿ ರಾಮಣ್ಣ ಎಂಬ ಹಿರಿಯರು ನಿಂತಿದ್ದರು. ಬಸ್ ಡ್ರೈವರಾಗಿದ್ದವರು, ಕುಡಿತ ಬಿಟ್ಟು ಬಹಳ ವರ್ಷವಾದವರು. ನಮ್ಮಿಬ್ಬರನ್ನೂ ನೋಡಿ "ಬನ್ನಿ ಬನ್ನಿ" ಎಂದು ನಮ್ಮವರ ಹೆಗಲ ಮೇಲೆ ಕೈ ಹಾಕಿದರು. "ಎಷ್ಟು ವರ್ಷದ್ದಪ್ಪ ಅಭ್ಯಾಸ?"

ನಮ್ಮವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹತ್ತು ವರ್ಷ ಆಯ್ತು ಸಾರ್" ಎಂದರು ನಮ್ಮವರು.

ಅಷ್ಟೇ. ಅವರನ್ನು ಒಳಗಿನ ದೊಡ್ಡ ಕೋಣೆಗೆ ಕರಕೊಂಡು ಹೋದರು. ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಹೆಂಡತಿಯರು ಕೂರುತ್ತಿದ್ದರು. ನಡುವೆ ಹಲಗೆಯ ಅಡ್ಡಗೋಡೆ, ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು.

ಹೆಂಡತಿಯರ ಕೋಣೆಯನ್ನು ನಡೆಸುತ್ತಿದ್ದವರು ಜಯಮ್ಮ. ಅವರು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಕೈಗೆ ಕೆಲಸವಿದ್ದರೆ ಬಾಯಿ ಬಿಡುತ್ತದೆ ಎಂದು ಎಲ್ಲರೂ ಏನಾದರೂ ತರಬೇಕಿತ್ತು. ಒಬ್ಬರು ಬತ್ತಿ ಹೊಸೆಯುತ್ತಿದ್ದರು, ಒಬ್ಬರು ಸೊಪ್ಪು ಬಿಡಿಸುತ್ತಿದ್ದರು. ಅವರೆ ಕಾಲ ಬಂದರೆ ಎಲ್ಲರ ಮಡಿಲಲ್ಲೂ ಅವರೆಕಾಯಿ. ನನ್ನನ್ನು ಅಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡರು ಎಂದು ಹೇಳಲೇಬೇಕು. ಮೊದಲ ದಿನವೇ ಜಯಮ್ಮ ತಮ್ಮ ಬುಟ್ಟಿಯನ್ನು ನನ್ನ ಮುಂದೆ ತಳ್ಳಿದರು.

"ಹೊಡೀತಾರಾ?"

"ಇಲ್ಲಮ್ಮ."

"ಪುಣ್ಯವಂತೆ ಬುಡು. ನಮ್ಮನೇದು ಮೊದ್ಲು ಹೊಡೀತಿತ್ತು, ಈಗ ಮೀಟಿಂಗ್‌ಗೆ ಬಂದು ಬುದ್ಧಿ ಹೇಳ್ತದೆ. ಹೊಡ್ದಿದ್ದೇ ವಾಸಿ ಅನ್ನಿಸ್ತದೆ ಒಂದೊಂದ್ಸಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದೆ, ಏಲಕ್ಕಿ ಅಗಿದಿದ್ದರೂ ಭಯವಿತ್ತು.

ಹೀಗೆ ಮೂರು ತಿಂಗಳು ನಡೆಯಿತು. ಭಾನುವಾರ ಮಧ್ಯಾಹ್ನ ಅವರು ಆ ಕೋಣೆಯಲ್ಲಿ ಕುಡುಕನಾಗಿ ಕೂರುತ್ತಿದ್ದರು, ನಾನು ಈ ಕೋಣೆಯಲ್ಲಿ ಕುಡುಕನ ಹೆಂಡತಿಯಾಗಿ ಕೂರುತ್ತಿದ್ದೆ. ಸಂಜೆ ಗುಬ್ಬಿಗೆ ಬಂದು ಅವರು ಪೇಪರ್ ಓದುತ್ತಿದ್ದರು, ನಾನು ಅಡುಗೆಮನೆಯಲ್ಲಿ ಕುಡಿಯುತ್ತಿದ್ದೆ. ಅಲ್ಲಿ ಕೇಳಿದ್ದನ್ನು ಅವರು ನನಗೆ ಪಾಠದಂತೆ ಒಪ್ಪಿಸುತ್ತಿದ್ದರು. "ಇವತ್ತೊಂದು ದಿನ ಮುಟ್ಟಲ್ಲ ಅಂದ್ಕೋಬೇಕಂತೆ. ನಾಳೆ ಯೋಚ್ನೆ ಮಾಡಬಾರದಂತೆ." ಯಾರೋ ತಿಂದ ಮಾತ್ರೆಗೆ ನನ್ನ ಜ್ವರ ಬಿಡಬೇಕಿತ್ತು.

ಅಷ್ಟರಲ್ಲಿ ಅಕ್ಕನ ಫೋನು ಪಕ್ಕದ ಮನೆಗೆ ಬಂತು. ಕುಣಿಗಲ್‌ನಿಂದ ಮೀಟಿಂಗಿಗೆ ಬರುತ್ತಿದ್ದ ಒಬ್ಬರು ನಮ್ಮವರ ಗುರುತು ಹಿಡಿದಿದ್ದರು.

"ನಿನ್ ಗಂಡ ಕುಡ್ದೂ ಕುಡ್ದೂ ತುಮಕೂರಲ್ಲಿ ಯಾವ್ದೋ ಮೀಟಿಂಗ್ ಸೇರವ್ರಂತೆ? ನೀನ್ಯಾಕೆ ಒಂದ್ ಮಾತು ಹೇಳ್ಲಿಲ್ಲ?"

ನಾನು ಪಕ್ಕದ ಮನೆಯವರ ಕಡೆ ಬೆನ್ನು ತಿರುಗಿಸಿದೆ.

"ನಿಜವೇನೇ?"

"ಹೂಂ" ಅಂದೆ.

"ಹಂಗಾದ್ರೆ ಕೇಳ್ಕೋ. ಆ ವಯ್ಯ ಬಿಡೋವರ್ಗೂ ಮಗೂನ ಕಳ್ಸಲ್ಲ. ಕುಡುಕನ ಮನೇಲಿ ಹೆಣ್ಮಗು ಬೆಳೀಬಾರ್ದು."

ಆ ಒಂದು ಹೂಂ ಹೇಳಲು ನನಗೆ ಯಾರೂ ಬಲವಂತ ಮಾಡಿರಲಿಲ್ಲ. ಮೈಯಲ್ಲಿ ಏನೂ ಇರಲಿಲ್ಲ ಆಗ, ಬೆಳಗಿನ ಹೊತ್ತು. ಪೂರಾ ಎಚ್ಚರದಲ್ಲಿ ಹೇಳಿದ್ದು.

ಮೀಟಿಂಗಿನಲ್ಲಿ ಒಂದು ಪದ್ಧತಿ ಇತ್ತು. ಮೂರು ತಿಂಗಳು ಮುಟ್ಟದೆ ಇದ್ದವರಿಗೆ ಚಪ್ಪಾಳೆ ತಟ್ಟಿ ಒಂದು ತೆಂಗಿನಕಾಯಿ ಕೊಡುತ್ತಿದ್ದರು. ಕೊಡುವ ಮುಂಚೆ ಅವರು ಎದ್ದು ನಿಂತು ತಮ್ಮ ಕಥೆ ಹೇಳಬೇಕು. ನಮ್ಮವರ ಸರದಿ ಬಂದ ದಿನ ಅವರೆ ಕಾಲ. ನನ್ನ ಮಡಿಲ ತುಂಬಾ ಸುಲಿದ ಕಾಳು. ಜಯಮ್ಮ "ನಿಮ್ಮನೇವ್ರದ್ದು ಕಣಮ್ಮ, ಕೇಳು" ಎಂದು ಎಲ್ಲರನ್ನೂ ಸುಮ್ಮನಾಗಿಸಿದರು.

ಹಲಗೆಯ ಆಚೆ ಅವರ ದನಿ. ನಾನು ನಲ್ಲಿಯ ಹತ್ತಿರ ಕೊಡದ ಸಮೇತ ಬಿದ್ದದ್ದನ್ನು ಹೇಳಿದರು, ತಾವು ಬಿದ್ದಂತೆ. ಅಮ್ಮನಿಗೆ ತಲೆಸುತ್ತು ಅಂತ ಹೇಳು ಎಂದು ಮಗುವಿಗೆ ಕಲಿಸಿಕೊಟ್ಟದ್ದನ್ನು ಹೇಳಿದರು, ಅಪ್ಪನಿಗೆ ಎಂದು ತಿದ್ದಿಕೊಂಡು. ನಾನು ಕಾಳು ಸುಲಿಯುತ್ತಲೇ ಇದ್ದೆ. ಇಷ್ಟು ನನಗೆ ಗೊತ್ತಿದ್ದದ್ದೇ. ಆಮೇಲೆ ಅವರು ಇನ್ನೊಂದು ಹೇಳಿದರು.

"ಮಗು ಸ್ಕೂಲಿಂದ ಬಂದು ಬ್ಯಾಗ್ ಕೂಡ ಇಳಿಸ್ತಿರಲಿಲ್ಲ ಸಾರ್. ನಾನು ಚಾಪೆ ಮೇಲೆ ಬಿದ್ದಿರ್ತಿದ್ದೆ. ಪಕ್ಕದಲ್ಲಿ ಕೂತು ಮೂಗಿನ ಹತ್ರ ಬೆರಳು ಹಿಡೀತಿತ್ತು. ಉಸಿರು ಬರ್ತಿದ್ಯಾ ಅಂತ. ದಿನಾ. ಬಂತು ಅಂತ ಗೊತ್ತಾದ್ಮೇಲೆ ಹೋಗಿ ಕೈಕಾಲು ತೊಳ್ಕೊಳೋದು."

ಇದು ನನಗೆ ಗೊತ್ತಿರಲಿಲ್ಲ.

ಗೊತ್ತಿರುವುದು ಹೇಗೆ? ಚಾಪೆಯ ಮೇಲೆ ಇದ್ದವಳು ನಾನು. ಮಧ್ಯಾಹ್ನದ ರಜೆ ಹಾಕಿ ಬಂದ ದಿನಗಳಲ್ಲಿ ಅವರು ಬಾಗಿಲಲ್ಲಿ ನಿಂತು ನೋಡಿರಬೇಕು. ಮಗಳ ಬೆರಳನ್ನು ಅವರು ನೋಡಿದ್ದಾರೆ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ನನಗೆ ಹೇಳಿಲ್ಲ. ನಲವತ್ತು ಜನ ಗಂಡಸರಿಗೆ ಹೇಳುತ್ತಿದ್ದಾರೆ.

ಆ ಕಡೆ ಚಪ್ಪಾಳೆ ಬಿತ್ತು. ಜಯಮ್ಮನೂ ಕಣ್ಣೊರೆಸಿಕೊಂಡು ತಟ್ಟಿದರು. ನಾನು ಎದ್ದೆ. ಮಡಿಲ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಅಡ್ಡಗೋಡೆ ಬಳಸಿ ಆ ಕೋಣೆಯ ಬಾಗಿಲಿಗೆ ಹೋದೆ. ನಮ್ಮವರ ಕೈಯಲ್ಲಿ ಕಾಯಿ ಇತ್ತು.

"ಅವರು ಕುಡಿಯಲ್ಲ. ಕುಡಿಯೋಳು ನಾನು. ಚಾಪೆ ಮೇಲಿದ್ದವಳು ನಾನು" ಅಂದೆ.

ಹಿಂದಿನ ಸಾಲಿನಿಂದ ಒಬ್ಬ, "ನೋಡ್ರಪ್ಪ, ಹೆಂಡ್ತಿ ಅಂದ್ರೆ ಹಿಂಗಿರ್ಬೇಕು. ಗಂಡನ ತಪ್ಪೂ ತನ್ ಮೇಲೆ ಹಾಕ್ಕೊಂತವ್ಳೆ" ಅಂದ. ರಾಮಣ್ಣ ಎದ್ದು ಬಂದು ಮೆತ್ತಗೆ, "ತಾಯಿ, ನಿಮ್ಮ ಸಂಕಟ ಅರ್ಥ ಆಗ್ತದೆ. ಆದ್ರೆ ಅವ್ರ ತಪ್ಪು ಅವ್ರೇ ಒಪ್ಕೋಬೇಕು. ಮುಚ್ಚಾಕಿದ್ರೆ ಅವ್ರು ವಾಸಿ ಆಗಲ್ಲ" ಎಂದರು.

ನಾನು ನಮ್ಮವರನ್ನು ನೋಡಿದೆ. ಒಂದು ಮಾತು, ಹೌದು ಅಂದಿದ್ದರೆ ಸಾಕಿತ್ತು. ಅವರು ಕಾಯಿಯ ಜುಟ್ಟನ್ನು ನೋಡುತ್ತಾ ನಿಂತಿದ್ದರು.

ವಾಪಸ್ ಬರುವಾಗ ರೈಲಿನಲ್ಲಿ ಕೇಳಿದೆ.

"ಯಾಕ್ರೀ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆ ನನ್ ಹೆಂಡ್ತಿ ಕುಡೀತಾಳೆ ಅಂತ ಹೇಳ್ಲಾ?"

"ನೀವು ಕುಡೀತೀರಿ ಅಂತ ಹೇಳ್ಲಿಲ್ವಾ?"

"ಗಂಡಸು ಕುಡುದ್ರೆ ಕುಡುಕ ಅಂತಾರೆ ಗಿರಿಜಾ, ಅಷ್ಟೇ. ಹೆಂಡ್ತಿ ಕುಡುದ್ರೆ ಗಂಡನ್ನ ಏನಂತಾರೆ, ನಿಂಗೊತ್ತಾ?"

ಅಷ್ಟು ದಿನ ನನಗಾಗಿ ಕೆಟ್ಟ ಹೆಸರು ಹೊತ್ತಿದ್ದಾರೆ ಎಂದು ತಿಳಿದಿದ್ದೆ. ಎರಡು ಕೆಟ್ಟ ಹೆಸರಲ್ಲಿ ಹಗುರವಾದದ್ದನ್ನು ಆರಿಸಿಕೊಂಡಿದ್ದರು. ತಪ್ಪು ಎಂದು ಹೇಳುವ ಯೋಗ್ಯತೆ ನನಗಿರಲಿಲ್ಲ, ಹೇಳಲಿಲ್ಲ. ಮಾರನೆಯ ದಿನ ಆ ಕಾಯಿ ಒಡೆದು ಚಟ್ನಿ ಮಾಡಿದೆ. ಕುಡಿದೇ ಮಾಡಿದೆ. ಅವರು ಉಪ್ಪು ಕಮ್ಮಿ ಅಂದರು.

ಮುಂದಿನ ಭಾನುವಾರ ಒಬ್ಬಳೇ ಹೋದೆ. ನಂಬಲಿ ಎಂದು ಏಲಕ್ಕಿ ಹಾಕದೆ, ಬೆಳಿಗ್ಗೆಯೇ ಕುಡಿದು ಹೋದೆ. ಇಂಥ ಸಾಕ್ಷಿ ಹೊತ್ತು ಯಾರಾದರೂ ಕುಡಿತ ಬಿಡಲು ಹೋಗಿದ್ದಾರೋ ಇಲ್ಲವೋ. ಗಂಡಸರ ಕೋಣೆಯ ಬಾಗಿಲಿಗೆ ಹೋಗಿ ರಾಮಣ್ಣನ ಮುಂದೆ ನಿಂತು "ಮೂಸಿ ನೋಡಿ" ಅಂದೆ. ಅವರು ಒಂದು ಹೆಜ್ಜೆ ಹಿಂದೆ ಹೋದರು. ನಂಬಿದರು.

ಬಾಗಿಲ ಪಕ್ಕದಲ್ಲಿ ಬಷೀರ್ ಸಾಬ್ ಎಂಬುವರು ಕೂತಿದ್ದರು. ತುಮಕೂರಿನಲ್ಲೇ ಹೊಲಿಗೆ ಅಂಗಡಿ ಇಟ್ಟವರು. ಅವರ ಮನೆಯಲ್ಲಿ ಮೀಟಿಂಗಿನ ವಿಷಯ ಗೊತ್ತಿರಲಿಲ್ಲ, ಪ್ರತಿ ಭಾನುವಾರ ಬಟ್ಟೆ ಮಾರ್ಕೆಟ್ಟಿಗೆ ಎಂದು ಹೇಳಿ ಬರುತ್ತಿದ್ದರು. ಅವರು ಎದ್ದು ತಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಕೂತ್ಕೊಳ್ಳಿ ಅಮ್ಮ. ಇನ್ಮೇಲೆ ಸಾಕ್ಷಿ ತರೋದು ಬೇಡ. ನಮಗೆ ಇಲ್ಲಿ ಬಾಯಿ ಮಾತೇ ಸಾಕು."

ಅದು ಬಿಟ್ಟರೆ ಆ ದಿನ ಬೇರೆ ಒಳ್ಳೆಯ ಮಾತಿಲ್ಲ. ಕೆಲವು ಗಂಡಸರು ಹೆಂಗಸಿನ ಮುಂದೆ ಬಾಯಿ ಬಿಡಲಾಗುವುದಿಲ್ಲ ಎಂದು ಎದ್ದು ಹೋದರು. ಹೆಂಡತಿಯರ ಕೋಣೆಗೆ ಹೋದರೆ ಜಯಮ್ಮ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.

"ನಮ್ ಹೊಟ್ಟೇಲಿರೋದೆಲ್ಲ ಕಕ್ಕಿಸ್ಕೊಂಡು ಕೇಳ್ದಲ್ಲಮ್ಮ ಮೂರು ತಿಂಗ್ಳು. ನಾವು ಯಾರನ್ನ ಬಯ್ತಿದ್ವೋ ಅವರೇ ನಮ್ ಮಧ್ಯ ಕೂತಿದ್ರು. ಇಲ್ಲಿಗೆ ಬರಬೇಡ."

ಅವರ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇವತ್ತಿಗೂ ನನಗೆ ಅವರ ಮೇಲೆ ಸಿಟ್ಟಿಲ್ಲ, ಅವರಿಗೆ ನನ್ನ ಮೇಲೆ ಇದೆ.

ಕೊನೆಗೆ ನನ್ನ ಕುರ್ಚಿ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಉಳಿಯಿತು. ಅಲ್ಲೇ ಕೂತು ಕೇಳಿದೆ, ಅಲ್ಲಿಂದಲೇ ಮಾತಾಡಿದೆ. ನಮ್ಮವರು ಬಾಟಲಿ ತರುವುದನ್ನು ನಿಲ್ಲಿಸಿದರು. ನಾನೇ ಹೋಗಿ ಎರಡು ಸಲ ತಂದೆ, ಎರಡು ಸಲವೂ ಮುಂದಿನ ಭಾನುವಾರ ಬಾಗಿಲಲ್ಲಿ ಕೂತು ಹೇಳಿದೆ. ಬಷೀರ್ ಸಾಬ್ "ಆಯ್ತಮ್ಮ, ಇವತ್ತಿಂದ" ಅನ್ನುತ್ತಿದ್ದರು, ಹರಿದ ಹೊಲಿಗೆ ನೋಡಿದವರ ಹಾಗೆ. ಮೂರನೆಯ ಸಲ ತರಲಿಲ್ಲ. ಮೂರು ತಿಂಗಳಾದಾಗ ನನಗೂ ಕಾಯಿ ಕೊಟ್ಟರು. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ನಮ್ಮವರಿಗೆ ಬಿದ್ದಷ್ಟು ಬೀಳಲಿಲ್ಲ.

ಆ ಕಾಯಿ ಬ್ಯಾಗಿನಲ್ಲಿಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಕುಡಿದಿಲ್ಲ, ನಾನು ಕುಡಿದದ್ದು, ಫೋನಿನಲ್ಲಿ ಹೂಂ ಅಂದದ್ದು ಸುಳ್ಳು, ಈಗ ಬಿಟ್ಟಿದ್ದೇನೆ. ಸುಮ ಬಾಗಿಲ ಹಿಂದೆ ನಿಂತಿದ್ದಳು, ಅವಳ ಪಾದ ಕಾಣುತ್ತಿತ್ತು. ಅಕ್ಕ ಆ ಬಾಗಿಲ ಕಡೆ ನೋಡಿದಳು.

"ಅವ್ರು ಕುಡೀತಾರೆ ಅಂದ್ಕೊಂಡಿದ್ದಾಗ, ಮನೇಲಿ ನೀನಿದೀಯ ಅನ್ನೋ ಧೈರ್ಯ ಆದ್ರೂ ಇತ್ತು ಕಣೇ. ಈಗ ಯಾರನ್ನ ನಂಬಿ ಕಳ್ಸಲಿ?"

ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಅದು. ಸುಮಳನ್ನು ಕೇಳಿದರು, ಹೋಗ್ತೀಯಾ ಎಂದು. ಅವಳು ನನ್ನನ್ನು ನೋಡದೆ, "ಇಲ್ಲೇ ಸ್ಕೂಲಿದೆಯಲ್ಲ ದೊಡ್ಡಮ್ಮ" ಅಂದಳು. ಕಾಯಿಯನ್ನು ಅಕ್ಕನ ದೇವರ ಮುಂದಿಟ್ಟು ಬಂದೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಸುಮ ಕುಣಿಗಲ್‌ನಲ್ಲೇ ಬೆಳೆದಳು, ಆಮೇಲೆ ಕ್ಯಾತ್ಸಂದ್ರದ ಹಾಸ್ಟೆಲು. ನಮ್ಮ ಮನೆಗೆ ಬರುತ್ತಾಳೆ, ನೆಂಟರು ಬಂದಂತೆ ಬ್ಯಾಗಿನಲ್ಲಿ ಟವೆಲ್ ಇಟ್ಟುಕೊಂಡು.

ಗುಬ್ಬಿಯಲ್ಲಿ ಇವತ್ತಿಗೂ ಮದುವೆ ಮನೆಗಳಲ್ಲಿ ನಮ್ಮವರ ಕೈ ಹಿಡಿದು "ಬಿಟ್ರಲ್ಲ ಸ್ವಾಮಿ, ದೊಡ್ಡ ಮನಸ್ಸು" ಅನ್ನುವವರಿದ್ದಾರೆ. ಅವರು "ದೇವರ ದಯೆ" ಅನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ಎಲೆ ಅಡಿಕೆ ಮಡಚುತ್ತೇನೆ.

ಹೆಬ್ಬೂರಿನ ತಾಯಿ, ನೀನು ಯಾರೋ, ಹೆಸರೂ ಕೇಳಲಿಲ್ಲ. ಬಿಟ್ಟರೆ ಎಲ್ಲ ವಾಪಸ್ ಬರುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಬರಲಿಲ್ಲ. ಬಾಗಿಲ ಬಳಿ ನನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಿಡಿಸುತ್ತದೆ, ಅಳೆದು ನೋಡಿದ್ದೇನೆ.

ಇವತ್ತು ಸುಮ ಹನ್ನೊಂದು ಗಂಟೆಗೆ ಬಂದಳು. ನೀರು ಕೊಟ್ಟೆ, ಮೂಸಿ ಕುಡಿದಳು. ಮಧ್ಯಾಹ್ನ ರಾಗಿ ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ. ಅವಳು ಎರಡನೆಯ ಸಲ ಸಾರು ಬಡಿಸಿಕೊಂಡಳು. ಊಟವಾದ ಮೇಲೆ ನಮ್ಮವರು ಪೇಪರ್ ಹಿಡಿದು ಜಗಲಿಗೆ ಹೋದರು. ನಾನೂ ಸುಮಳೂ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆವು. ಅವಳು ಕಣ್ಣು ಮುಚ್ಚಿದ್ದಳು, ಆದರೆ ಎಚ್ಚರವಿದ್ದಳು. ನಾನು ಮಲಗಿದ ಮನೆಯಲ್ಲಿ ಅವಳು ನನಗಿಂತ ಮುಂಚೆ ನಿದ್ದೆ ಮಾಡುವುದಿಲ್ಲ. ಹಾಗಾಗಿ ನಾನು ಆ ಕಡೆ ತಿರುಗದೆ, ಮುಖ ಅವಳ ಕಡೆಗೇ ಇಟ್ಟು, ನಿದ್ದೆ ಹೋದವಳ ಹಾಗೆ, ಅವಳಿಗೆ ಕೇಳುವಂತೆ ಉದ್ದುದ್ದ ಉಸಿರು ಬಿಡತೊಡಗಿದೆ. ಸ್ವಲ್ಪ ಹೊತ್ತಿಗೆ ಅವಳ ಕೈ ಸಡಿಲವಾಗಿ ಚಾಪೆಯ ಮೇಲೆ ಬಿತ್ತು. ಮೊದಲು ನಿದ್ದೆ ಹೋದವಳು ಸುಮ. ಅವಳನ್ನು ಕೇಳಿದರೆ ಅಮ್ಮನೇ ಮೊದಲು ನಿದ್ದೆ ಹೋದದ್ದು ಎನ್ನುತ್ತಾಳೆ.